ಸೂರ್ಯೋದಯಕ್ಕೆ ಸ್ವಂತ ವಾಹನ ಕಡ್ಡಾಯ

ಡಿಸೆಂಬರ್ ಬಂತೆಂದರೆ ನಂದಿ ಬೆಟ್ಟದ ಫೋಟೊ ಬರುತ್ತದೆ. ಕೆಳಗೆ ಬೆಳ್ಳನೆಯ ಮೋಡ, ಮೇಲೆ ಕೆಂಪನೆಯ ಸೂರ್ಯ, ನಡುವೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡ ಒಂದು ಜೋಡಿ. ಪತ್ರಿಕೆಯವರು ಹಾಕುತ್ತಾರೆ, ಪ್ರವಾಸೋದ್ಯಮದವರು ಹಾಕುತ್ತಾರೆ, ಪಕ್ಕದ ಮನೆಯವರು ಸ್ಟೇಟಸ್‌ಗೆ ಹಾಕುತ್ತಾರೆ. ಎಲ್ಲರ ಉಪದೇಶವೂ ಒಂದೇ: ಚಳಿಗಾಲದಲ್ಲಿ ಒಮ್ಮೆಯಾದರೂ ಹೋಗಲೇಬೇಕು.

ಹೇಗೆ ಹೋಗಬೇಕು? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದೂ ಇಲ್ಲ. ಕಾರಿಲ್ಲದವನಿಗೆ ಸೂರ್ಯೋದಯ ನೋಡುವ ಆಸೆ ಯಾಕಾದರೂ ಹುಟ್ಟಬೇಕು?

ಲೆಕ್ಕ ದೊಡ್ಡದೇನಲ್ಲ. ಬೆಂಗಳೂರಿನಿಂದ ಬೆಟ್ಟಕ್ಕೆ ಸುಮಾರು 60 ಕಿಲೋಮೀಟರ್. ಸಮುದ್ರಮಟ್ಟದಿಂದ ಎತ್ತರ 1,478 ಮೀಟರ್. ಡಿಸೆಂಬರ್ ಕೊನೆಯ ವಾರದಲ್ಲಿ ಸೂರ್ಯ ಹುಟ್ಟುವುದು 6.40ರ ಆಸುಪಾಸಿಗೆ. ಇಲ್ಲಿ ಹಿಮ ಬೀಳುವುದಿಲ್ಲ. ರಸ್ತೆ ಹೆಪ್ಪುಗಟ್ಟುವುದಿಲ್ಲ. ಮಂಜು ಕವಿಯುತ್ತದೆ, ಚಳಿ ಕೊರೆಯುತ್ತದೆ, ಅಷ್ಟೇ. ತುದಿಯವರೆಗೂ ಡಾಂಬರು ರಸ್ತೆ ಇದೆ. ಒಂದು ಬಸ್ಸು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಮುಗಿಯಿತು.

ಇಷ್ಟು ಸುಲಭವಾಗಿರುವುದೇ ತೊಂದರೆ. ಸುಲಭದ ಕೆಲಸಕ್ಕೆ ನಮ್ಮಲ್ಲಿ ಶಂಕುಸ್ಥಾಪನೆ ಮಾಡಲು ಬರುವುದಿಲ್ಲ.

ಬಸ್ಸೇ ಇಲ್ಲ ಎಂದು ಸುಳ್ಳು ಹೇಳಬಾರದು. ಇದೆ. ಮೆಜೆಸ್ಟಿಕ್‌ನಿಂದ ನೇರ ಬಸ್ಸೇ ಇದೆ. ಅದು ಹೊರಡುವುದು ಸೂರ್ಯ ಎದ್ದು, ಮುಖ ತೊಳೆದು, ದಿನದ ಕೆಲಸಕ್ಕೆ ಕೈ ಹಚ್ಚಿದ ಮೇಲೆ. ಬಸ್ಸು ಮೇಲೆ ಮುಟ್ಟುವಷ್ಟರಲ್ಲಿ ಮೋಡ ಚದುರಿರುತ್ತದೆ, ಮಂಜು ಕರಗಿರುತ್ತದೆ, ಬಂದವರು ಬೋಂಡ ತಿಂದು ಕೈ ಒರೆಸಿಕೊಳ್ಳುತ್ತಿರುತ್ತಾರೆ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಎಲೆ ಹಾಕಿ ಕೂರಿಸಿದ ಹಾಗೆ.

ಬಸ್ಸಿನವರಿಗೂ ನೋಡಲು ಒಂದು ನೋಟ ಉಳಿದಿರುತ್ತದೆ ಬಿಡಿ. ಕಾರಿನವರು ವಾಪಸು ಹೊರಡುವ ನೋಟ.

ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎನ್ನುವುದು ಸರ್ಕಾರಿ ಗುಟ್ಟಲ್ಲ. ಒಂಟಿಕೊಪ್ಪಲ್ ಪಂಚಾಂಗ ಕೊಂಡರೆ ವರ್ಷಪೂರ್ತಿಯ ಲೆಕ್ಕ ಸಿಗುತ್ತದೆ. ಅವನು ಮುಷ್ಕರ ಹೂಡಿದ್ದಿಲ್ಲ. ತಡವಾಗಿ ಬಂದದ್ದಿಲ್ಲ. ದಾರಿಯಲ್ಲಿ ಕೆಟ್ಟು ನಿಂತದ್ದಿಲ್ಲ. ಇಡೀ ಬೆಟ್ಟದ ಪ್ರವಾಸೋದ್ಯಮ ನಿಂತಿರುವುದು ಅವನೊಬ್ಬನ ಮೇಲೆ. ಅವನ ವೇಳೆಗೆ ಬಸ್ಸಿನ ವೇಳೆ ಹೊಂದಿಸಲು ಮಾತ್ರ ಯಾರಿಗೂ ಪುರುಸೊತ್ತಾಗಿಲ್ಲ.

ಯಾವುದಾದರೂ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ ತಲೆ ತೂರಿಸಿ ಕೇಳಿ ನೋಡಿ. ಮಾತು ಹೆಚ್ಚುಕಮ್ಮಿ ಹೀಗೇ ಸಾಗುತ್ತದೆ.

“ಸಾರ್, ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಎಷ್ಟೊತ್ತಿಗೆ ಬಸ್ಸು?”

“ಬೆಳಗಿನ ಜಾವ ಎಂಥಾ ಬಸ್ಸು? ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಸಿಗುತ್ತೆ.”

“ಅಲ್ಲಿಂದ ಎಷ್ಟೊತ್ತಿಗೆ?”

“ಅದನ್ನ ಅಲ್ಲೇ ಕೇಳ್ಬೇಕು.”

“ಸೂರ್ಯೋದಯದ ಹೊತ್ತಿಗೆ ತಲುಪ್ತೀವಾ?”

“ಸೂರ್ಯೋದಯ ನೋಡೋರು ಗಾಡಿ ಮಾಡ್ಕೊಂಡು ಹೋಗ್ತಾರೆ ಕಣ್ರೀ.”

ಅಷ್ಟೇ. ರಾಜ್ಯದ ಪ್ರವಾಸೋದ್ಯಮ ನೀತಿ, ಸಾರಿಗೆ ನೀತಿ ಎರಡೂ ಆ ಒಂದು ಮಾತಿನಲ್ಲಿ ಅಡಗಿವೆ. ಇದನ್ನು ಬರೆಸಲು ಸಲಹೆಗಾರರಿಗೆ ದುಡ್ಡು ಸುರಿಯಬೇಕಾಗಿಲ್ಲ. ಕಿಂಡಿಯ ಹಿಂದೆ ಕೂತವರು ಪುಕ್ಕಟೆಯಾಗಿ ಹೇಳುತ್ತಿದ್ದಾರೆ.

ಆ ದಾರಿಯಲ್ಲಿ ರಾತ್ರಿ ಹೊತ್ತು ಬಸ್ಸು ಓಡಿಸುವುದು ಕಷ್ಟ ಎನ್ನುತ್ತೀರೋ? ಹೆಬ್ಬಾಳದ ಮೇಲ್ಸೇತುವೆಯ ಬಳಿ ರಾತ್ರಿ ಮೂರು ಗಂಟೆಗೆ ನಿಂತು ನೋಡಿ. ವಾಯುವಜ್ರ ಹೋಗುತ್ತಿರುತ್ತದೆ. ತಣ್ಣನೆಯ ಗಾಳಿ, ಮೆತ್ತನೆಯ ಸೀಟು, ಸೂಟ್‌ಕೇಸ್ ಇಡಲು ಜಾಗ. ದಿನದ ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ. ವಿಮಾನ ಹತ್ತುವವನಿಗೆ ತಡವಾಗಬಾರದು ನೋಡಿ. ಅವನು ಇಳಿಯುವ ಜಾಗದಿಂದ ಬೆಟ್ಟಕ್ಕೆ ಇನ್ನು ಮೂವತ್ತು ಕಿಲೋಮೀಟರಿನ ಆಸುಪಾಸು. ಅಷ್ಟು ದೂರವನ್ನು ಸರ್ಕಾರಿ ಚಕ್ರ ದಾಟಬೇಕಾದರೆ ಬೆಳಕು ಹರಿದು ಬಿಸಿಲು ಏರಬೇಕು.

ಆಕಾಶಕ್ಕೆ ಹಾರುವವನಿಗೆ ಅರ್ಧರಾತ್ರಿಯಲ್ಲೂ ಬಸ್ಸು. ಬೆಟ್ಟ ಹತ್ತುವವನಿಗೆ ‘ಗಾಡಿ ಮಾಡ್ಕೊಂಡು ಹೋಗಿ’.

ರೈಲಿದೆಯಲ್ಲ ಎನ್ನುವವರೂ ಇದ್ದಾರೆ. ಇದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯ ಮೇಲೆ ‘ನಂದಿ ಹಾಲ್ಟ್’ ಎಂಬ ನಿಲ್ದಾಣವೇ ಇದೆ. ನ್ಯಾರೋ ಗೇಜ್ ಕಾಲದ್ದು, ನೂರು ವರ್ಷ ದಾಟಿದ್ದು. 2023ರ ಡಿಸೆಂಬರ್‌ನಲ್ಲಿ ಮೆಮು ರೈಲನ್ನು ಚಿಕ್ಕಬಳ್ಳಾಪುರದವರೆಗೆ ವಿಸ್ತರಿಸಿದರು. ನಂದಿ ಬೆಟ್ಟಕ್ಕೆ ರೈಲು ಬಂತು ಎಂದು ಸಂಭ್ರಮಿಸಿದ್ದೂ ಆಯಿತು.

ಬಂತು, ಸರಿ. ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ತಲೆ ಎತ್ತಿ. ಬೆಟ್ಟ ಎದುರಿಗೇ ಕಾಣುತ್ತದೆ. ಕಾಣುತ್ತದೆ, ಅಷ್ಟೇ. ಊರಿನ ಭೋಗನಂದೀಶ್ವರನವರೆಗೆ ಕಾಲೆಳೆದುಕೊಂಡು ಹೋಗಬಹುದು. ಮೇಲಿರುವ ಯೋಗನಂದೀಶ್ವರನ ಬಳಿಗೆ ಹೋಗುವ ಡಾಂಬರು ರಸ್ತೆ ಬೆಟ್ಟವನ್ನು ಬಳಸಿ ಬೇರೆ ಕಡೆಯಿಂದ ಏರುತ್ತದೆ. ರೈಲಿಗೆ ಕಾದು ನಿಂತು ಜನರನ್ನು ಮೇಲಕ್ಕೆ ಒಯ್ಯುವ ಬಸ್ಸು ಬೇಕೆಂದು ರೈಲಿನವರಿಗೂ ಅನ್ನಿಸಿಲ್ಲ, ಬಸ್ಸಿನವರಿಗೂ ಅನ್ನಿಸಿಲ್ಲ. ಸೂರ್ಯೋದಯದ ಹೊತ್ತಿಗೆ ಇಳಿಸುವ ರೈಲನ್ನಂತೂ ಹುಡುಕುವ ಶ್ರಮ ಬೇಡ.

ಮೆಟ್ಟಿಲಿದೆ ಎಂದು ಕೊನೆಗೆ ಒಬ್ಬರು ಹೇಳಿಯೇ ಹೇಳುತ್ತಾರೆ. ಹೌದು, ಸುಲ್ತಾನ್‌ಪೇಟೆಯ ಕಡೆಯಿಂದ 1,175 ಮೆಟ್ಟಿಲು. ಗಟ್ಟಿಮುಟ್ಟಾದವರು ಹತ್ತಲಿ, ಒಳ್ಳೆಯದೇ. ಹಾಗೆಂದು ಅರವತ್ತು ದಾಟಿದ ಅತ್ತೆ, ಮೊಣಕಾಲು ನೋವಿನ ಮಾವ, ಕಂಕುಳಲ್ಲೊಂದು ಕೂಸು ಇರುವ ಮನೆಯವರಿಗೆ ಕತ್ತಲಲ್ಲಿ ಮೆಟ್ಟಿಲು ತೋರಿಸಿ ‘ಸೌಕರ್ಯ ಇದೆ’ ಎನ್ನಬೇಡಿ. ಹಾಗೆನ್ನುವವರು ತಾವು ಮಾತ್ರ ಕಾರಿನಲ್ಲಿ ಹೋಗಿ ಬಂದಿರುತ್ತಾರೆ.

ಚಿಕ್ಕಬಳ್ಳಾಪುರದಲ್ಲೋ ದೇವನಹಳ್ಳಿಯಲ್ಲೋ ಹಿಂದಿನ ರಾತ್ರಿಯೇ ಬಂದು ಉಳಿದವನಾದರೂ ಗೆದ್ದನೇ? ಇಲ್ಲ. ಬೆಳಗಿನ ಐದಕ್ಕೆ ಅವನ ಮುಂದೆ ಆಟೊ ನಿಲ್ಲುತ್ತದೆ. ಮೀಟರ್ ಎಂಬ ವಸ್ತುವಿನ ಮೇಲೆ ಬಟ್ಟೆ ಸುತ್ತಿರುತ್ತದೆ. ಚಳಿಗಾಲ, ಕತ್ತಲು, ಬೆಟ್ಟ, ವಾಪಸು ಖಾಲಿ ಬರಬೇಕು: ಒಂದೊಂದು ಕಾರಣಕ್ಕೂ ಒಂದೊಂದು ಬೆಲೆ. ಹೇಳಿದ ಮೊತ್ತ ಕೇಳಿದ ಮೇಲೆ ಕಾರಿನವರ ಮೇಲೆ ಇದ್ದ ಸಿಟ್ಟು ಸ್ವಲ್ಪ ಇಳಿಯುತ್ತದೆ. ಆಟೊದವನನ್ನು ಬೈದು ಪ್ರಯೋಜನವಿಲ್ಲ. ಸರ್ಕಾರ ಖಾಲಿ ಬಿಟ್ಟ ಜಾಗದಲ್ಲಿ ಅವನು ಅಂಗಡಿ ಹಾಕಿದ್ದಾನೆ.

ಇನ್ನು ಬುಡದ ಚೆಕ್‌ಪೋಸ್ಟ್. ಶನಿವಾರ, ಭಾನುವಾರ ಗೇಟು ತೆರೆಯುವ ಮೊದಲೇ ಕಾರು, ಬೈಕುಗಳ ಸಾಲು. ಕಿಟಕಿ ಏರಿಸಿ ಹೀಟರ್ ಹಾಕಿಕೊಂಡು ಕೂತವರು. ಎಂಜಿನ್ ಆರಿಸುವುದಿಲ್ಲ, ಆರಿಸಿದರೆ ಚಳಿ. ಹಿಂದಿನ ಗಾಜಿನ ಮೇಲೆ ‘ಹಸಿರೇ ಉಸಿರು’ ಸ್ಟಿಕ್ಕರ್. ಅದರ ಕೆಳಗಿನ ಕೊಳವೆಯಿಂದ ಹೊಗೆ. ಶುದ್ಧ ಗಾಳಿ ಸೇವಿಸಲು ಬಂದ ಜನ, ಒಬ್ಬರು ಬಿಟ್ಟ ಹೊಗೆಯನ್ನು ಇನ್ನೊಬ್ಬರು ಸೇವಿಸುತ್ತಾ ಗಂಟೆಗಟ್ಟಲೆ ಕಾಯುತ್ತಾರೆ.

ಅಲ್ಲಿಂದ ತುದಿಗೆ ಏಳೆಂಟು ಕಿಲೋಮೀಟರ್. ಮೇಲೆ ಕಾರು ನಿಲ್ಲಿಸಲು ಎಷ್ಟು ಜಾಗವಿದೆಯೋ ಅಷ್ಟೇ ಇದೆ. ಬೆಟ್ಟದ ತಲೆಯನ್ನು ಹಿಗ್ಗಿಸಲು ಆಗುವುದಿಲ್ಲ. ತುಂಬಿದ ಮೇಲೆ ಕೆಳಗಿನವರನ್ನು ತಡೆಯುತ್ತಾರೆ. ತಡೆದವರು ಹಾರ್ನ್ ಒತ್ತುತ್ತಾರೆ. ಟಿವಿಯವರು ಬರುತ್ತಾರೆ. ‘ನಂದಿ ಬೆಟ್ಟದಲ್ಲಿ ಜನಸಾಗರ’ ಎಂಬ ಪಟ್ಟಿ ಓಡುತ್ತದೆ.

ಅದು ಜನಸಾಗರವಲ್ಲ, ತಗಡಿನ ಸಾಗರ. ಒಂದು ಬಸ್ಸಿನಲ್ಲಿ ಐವತ್ತು ಜನ ಕೂರುತ್ತಾರೆ. ಅದೇ ಐವತ್ತು ಜನ ನಾಲ್ಕು ನಾಲ್ಕು ಮಂದಿಯಾಗಿ ಬಂದರೆ ಹದಿಮೂರು ಕಾರು, ಇಬ್ಬಿಬ್ಬರಾಗಿ ಬಂದರೆ ಇಪ್ಪತ್ತೈದು ಬೈಕು. ಈ ಭಾಗಾಕಾರ ಮೂರನೇ ಕ್ಲಾಸಿನದು. ಐಎಎಸ್ ಪರೀಕ್ಷೆಯಲ್ಲಿ ಕೇಳುವುದಿಲ್ಲವೇನೋ.

ಹೀಗೆ ವಾಹನ ಹೆಚ್ಚಾಯಿತು ಎಂದು ಮೊದಲು ಗೋಳಾಡುವವರು ಬೆಟ್ಟದ ಜವಾಬ್ದಾರಿ ಹೊತ್ತವರೇ. ಪರಿಸರಕ್ಕೆ ಧಕ್ಕೆ, ಸಂಚಾರ ದಟ್ಟಣೆ, ಪುಂಡರ ಹಾವಳಿ, ಪ್ಲಾಸ್ಟಿಕ್. ಪಟ್ಟಿ ಉದ್ದವಿದೆ. ಪರಿಹಾರ ಒಂದೇ: ನಿಷೇಧ. ಡಿಸೆಂಬರ್ 31ರ ಸಂಜೆಯಿಂದ ಹೊಸ ವರ್ಷದ ಬೆಳಗಿನವರೆಗೆ ಬೆಟ್ಟಕ್ಕೆ ಯಾರೂ ಬರಕೂಡದು ಎಂಬ ಆದೇಶ ಪ್ರತಿವರ್ಷದ ವ್ರತವಾಗಿದೆ. ಬಾಗಿಲು ಹಾಕುವುದು ಬಸ್ಸು ಬಿಡುವುದಕ್ಕಿಂತ ಅಗ್ಗ. ಒಂದು ಬ್ಯಾರಿಕೇಡು, ಒಂದು ಸಹಿ.

ವರ್ಷವಿಡೀ ‘ಬನ್ನಿ ಬನ್ನಿ’ ಎನ್ನುವುದು, ಬಂದಾಗ ‘ಯಾಕೆ ಬಂದಿರಿ’ ಎನ್ನುವುದು. ಸಾರ್ವಜನಿಕರೆಂದರೆ ಜಾಹೀರಾತಿನಲ್ಲಿ ಅತಿಥಿಗಳು, ಚೆಕ್‌ಪೋಸ್ಟಿನಲ್ಲಿ ಆರೋಪಿಗಳು.

ಬೆಟ್ಟವೇ ಒಮ್ಮೆ ಎಚ್ಚರಿಸಿತು. 2021ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಯಿತು. ಸಂಚಾರ ನಿಂತಿತು. ಮತ್ತೆ ಬೆಟ್ಟ ತೆರೆದದ್ದು ಡಿಸೆಂಬರ್‌ನಲ್ಲಿ. ಮೂರು ತಿಂಗಳಿಗೂ ಹೆಚ್ಚು ಕಾಲ ಆ ರಸ್ತೆ ಖಾಲಿ ಬಿದ್ದಿತ್ತು. ಯೋಚಿಸಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ಕುಸಿಯುವ ಗುಡ್ಡದ ಮೇಲೆ ಸಾವಿರಾರು ಖಾಸಗಿ ವಾಹನ ಯಾಕೆ, ಬುಡದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಒಯ್ಯೋಣ ಎನ್ನಬಹುದಿತ್ತು. ರಸ್ತೆ ದುರಸ್ತಿಯಾಯಿತು. ಗೇಟು ತೆರೆಯಿತು. ಮೊದಲಿದ್ದ ಸಾಲು ಮೊದಲಿದ್ದ ಜಾಗಕ್ಕೇ ಬಂದು ನಿಂತಿತು.

ಪರಿಹಾರ ಹುಡುಕಲಿಲ್ಲ ಎಂದು ದೂರಿದರೆ ಅನ್ಯಾಯವಾಗುತ್ತದೆ. ಹುಡುಕಿದರು. ರೋಪ್‌ವೇ!

ಉದ್ದ 2.93 ಕಿಲೋಮೀಟರ್. ಅಂದಾಜು ವೆಚ್ಚ 93.40 ಕೋಟಿ ರೂಪಾಯಿ. ಸರ್ಕಾರಿ, ಖಾಸಗಿ ಸಹಭಾಗಿತ್ವ. 2023ರ ಮಾರ್ಚ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಂಕುಸ್ಥಾಪನೆ ಮಾಡಿದರು. ವಿಧಾನಸಭೆ ಚುನಾವಣೆ ಎದುರಿಗಿತ್ತು ಎನ್ನುವುದು ಕಾಕತಾಳೀಯ. ಆ ವರ್ಷದ ಚಳಿಗಾಲ ಬಂತು. 2024ರ ಚಳಿಗಾಲವೂ ಬಂತು. ತೊಟ್ಟಿಲು ಬರಲಿಲ್ಲ. ಸರ್ಕಾರ ಬದಲಾಯಿತು, ಶಂಕುಸ್ಥಾಪನೆಯ ಕಲ್ಲು ಬದಲಾಗಲಿಲ್ಲ.

ಬರಲಿ ಎಂದೇ ಇಟ್ಟುಕೊಳ್ಳಿ. ನಾಳೆಯೇ ಬರಲಿ. ರೋಪ್‌ವೇ ಶುರುವಾಗುವುದು ಬೆಟ್ಟದ ಬುಡದಲ್ಲಿ. ಬೆಂಗಳೂರಿನಿಂದ ಆ ಬುಡಕ್ಕೆ ಬೆಳಗಿನ ಐದೂವರೆಗೆ ಬಂದು ಮುಟ್ಟುವುದು ಹೇಗೆ? ಕಾರಿನಲ್ಲಿ! ಅಲ್ಲಿಗೆ ಐವತ್ತು ಕಿಲೋಮೀಟರಿನ ಸಮಸ್ಯೆಯನ್ನು ಹಾಗೇ ಬಿಟ್ಟು ಕೊನೆಯ ಮೂರು ಕಿಲೋಮೀಟರನ್ನು ಕೋಟಿಗಟ್ಟಲೆ ಸುರಿದು ಬಗೆಹರಿಸಿದಂತಾಯಿತು. ಮೇಲಿನ ಪಾರ್ಕಿಂಗ್ ಕೆಳಗೆ ಬಂದಿರುತ್ತದೆ. ಜತೆಗೆ ಖಾಸಗಿ ಟಿಕೆಟ್ಟಿನ ಖರ್ಚು.

ಬಸ್ಸಿಗೆ ಯಾಕೆ ಈ ಉತ್ಸಾಹವಿಲ್ಲ? ಬಸ್ಸಿಗೆ ಕಂಬ ನೆಡಬೇಕಿಲ್ಲ. ಗುತ್ತಿಗೆ ಇಲ್ಲ. ಅಡಿಗಲ್ಲು ಇಲ್ಲ. ಹೆಚ್ಚೆಂದರೆ ಕನ್ನಡಿಗೆ ಒಂದು ಹೂವಿನ ಹಾರ, ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಅಷ್ಟಕ್ಕೆ ಯಾವ ಮಂತ್ರಿ ಬರುತ್ತಾನೆ?

ಇನ್ನೊಂದು ಸಂಗತಿಯೂ ಇದೆ. ಈ ಬೆಟ್ಟಕ್ಕೆ ಯಜಮಾನರು ಬಹಳ. ಗಿರಿಧಾಮ ತೋಟಗಾರಿಕೆ ಇಲಾಖೆಯದು. ಸುತ್ತಲಿನ ಕಾಡು ಅರಣ್ಯ ಇಲಾಖೆಯದು. ರಸ್ತೆ ಲೋಕೋಪಯೋಗಿಯದು. ರೋಪ್‌ವೇ ಪ್ರವಾಸೋದ್ಯಮದ್ದು. ಗಲಾಟೆ ಪೊಲೀಸರದು. ನಿಷೇಧ ಜಿಲ್ಲಾಡಳಿತದ್ದು. ಬಸ್ಸಿನ ಮಾತು ಬಂದಾಗ ಎಲ್ಲರೂ ಎಡಕ್ಕೆ ಬಲಕ್ಕೆ ನೋಡುತ್ತಾರೆ. ಪ್ರಯಾಣಿಕರ ಬೇಡಿಕೆ ಇಲ್ಲ ಎಂದು ಒಂದು ಉತ್ತರ ಸಿದ್ಧವಾಗಿರುತ್ತದೆ. ಎಂಟೂವರೆಯ ಬಸ್ಸಿಗೆ ಸೂರ್ಯೋದಯ ನೋಡುವವರು ಹತ್ತುತ್ತಿಲ್ಲ, ಆದ್ದರಿಂದ ಬೇಡಿಕೆ ಇಲ್ಲ. ಎಂಥಾ ತರ್ಕ! ಸೂರ್ಯದೇವರು ವರ ಕೊಟ್ಟರೂ ವೇಳಾಪಟ್ಟಿಯ ಪೂಜಾರಿ ಕೊಡ.

ಬೆಟ್ಟದ ಚರಿತ್ರೆ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಟಿಪ್ಪುವಿಗೆ ಇಲ್ಲಿ ಬೇಸಿಗೆಯ ಬಿಡಾರವಿತ್ತು. ಕಮಿಷನರ್ ಮಾರ್ಕ್ ಕಬ್ಬನ್‌ಗೆ ಬಂಗಲೆ ಇತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ಅಷ್ಟೂ ದೇಶಗಳ ನಾಯಕರನ್ನು ಇಲ್ಲಿಗೆ ಕರೆತಂದರು. ಅವರಲ್ಲಿ ಯಾರೂ ನಂದಿ ಕ್ರಾಸಿನಲ್ಲಿ ನಿಂತು ‘ಬೆಟ್ಟಕ್ಕೆ ಹೋಗುತ್ತಾ?’ ಎಂದು ಕೈ ಅಡ್ಡ ಹಾಕಿದ ದಾಖಲೆಯಿಲ್ಲ.

2025ರ ಜುಲೈ 2ರಂದು ನಮ್ಮ ಸಚಿವ ಸಂಪುಟವೂ ಬೆಟ್ಟ ಹತ್ತಿತು. ಇಡೀ ಸರ್ಕಾರವೇ ಮೇಲೆ ಬಂತು. ಪ್ರವಾಸಿಗರಿಗೆ ಅಂದು ಪ್ರವೇಶವಿರಲಿಲ್ಲ. ಜನರ ಸಮಸ್ಯೆ ಚರ್ಚಿಸಲು ಜನರಿಲ್ಲದ ಜಾಗವೇ ಪ್ರಶಸ್ತ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದೂ ಬಾಗೇಪಲ್ಲಿಗೆ ‘ಭಾಗ್ಯನಗರ’ ಎಂದೂ ಹೆಸರಿಡಲು ತೀರ್ಮಾನವಾಯಿತು. ಜಿಲ್ಲೆಯ ಹೆಸರನ್ನೇ ಬದಲಿಸಬಲ್ಲವರಿಗೆ ಬಸ್ಸು ಹೊರಡುವ ಗಂಟೆ ಬದಲಿಸುವುದು ಎಷ್ಟರ ಕೆಲಸ?

ತಿಳಿಯದೆ ಮಾಡುತ್ತಿಲ್ಲ ಎನ್ನುವುದೇ ಹೆಚ್ಚು ಉರಿಸುವ ವಿಷಯ. ತಿಳಿದಿದೆ. ಚೆನ್ನಾಗಿಯೇ ತಿಳಿದಿದೆ.

ಸ್ವಿಟ್ಜರ್ಲೆಂಡಿಗೆ ಅಧ್ಯಯನ ಪ್ರವಾಸ ಹೋಗುವುದು ಬೇಡ. ಗುಂಡ್ಲುಪೇಟೆಗೆ ಹೋಗಿ ಸಾಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರದಲ್ಲಿ ನಂದಿಗೆ ಸರಿಸಮಾನ. ಮಂಜಿನ ವಿಷಯದಲ್ಲಿ ನಂದಿಗೇ ಪಾಠ ಹೇಳುತ್ತದೆ. ಬಂಡೀಪುರದ ಕಾಡು, ಆನೆಗಳ ಓಡಾಟ. ಅಲ್ಲಿ ಖಾಸಗಿ ವಾಹನವನ್ನು ಮೇಲಕ್ಕೆ ಬಿಡುವುದಿಲ್ಲ. ಬುಡದಲ್ಲಿ ನಿಲ್ಲಿಸಿ, ಸರ್ಕಾರಿ ಬಸ್ಸು ಹತ್ತಿ, ದರ್ಶನ ಮಾಡಿ, ಅದೇ ಬಸ್ಸಿನಲ್ಲಿ ಇಳಿಯಬೇಕು. ಆಡಿ ಕಾರಿನಲ್ಲಿ ಬಂದವನೂ, ಹಳ್ಳಿಯಿಂದ ಬಸ್ಸು ಬದಲಿಸಿ ಬಂದ ಅಜ್ಜಿಯೂ ಒಂದೇ ಸೀಟಿನಲ್ಲಿ. ಆಕಾಶ ಕಳಚಿ ಬಿದ್ದಿಲ್ಲ. ಗೋಪಾಲಸ್ವಾಮಿ ಮುನಿಸಿಕೊಂಡಿಲ್ಲ.

ಮೈಸೂರಿಗೆ ಬನ್ನಿ. ಚಾಮುಂಡಿ ಬೆಟ್ಟಕ್ಕೆ ನಗರದಿಂದ ಸಿಟಿ ಬಸ್ಸೇ ಹೋಗುತ್ತದೆ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳಿಗೆ ತಡೆ. ಲಲಿತಮಹಲ್ ಬಳಿಯ ಮೈದಾನದಲ್ಲಿ ಗಾಡಿ ನಿಲ್ಲಿಸಿ, ನಸುಕಿನಲ್ಲೇ ಸಾಲುಗಟ್ಟಿದ ಬಸ್ಸು ಹತ್ತಬೇಕು. ಅದೇ ಸರ್ಕಾರ, ಅದೇ ಬಸ್ಸು, ಅದೇ ಡ್ರೈವರು. ಲಕ್ಷಾಂತರ ಜನರನ್ನು ಹತ್ತಿಸಿ ಇಳಿಸುತ್ತಾರೆ. ತಿರುಪತಿಯಲ್ಲಿ ಬೆಳಗಿನ ಜಾವದಿಂದಲೇ ತಿರುಮಲಕ್ಕೆ ಬಸ್ಸಿನ ಹಿಂದೆ ಬಸ್ಸು. ಘಾಟಿ ರಸ್ತೆ, ಚಳಿ, ಮಂಜು ಎಲ್ಲ ಅಲ್ಲೂ ಇದೆ.

ಹಾಗಾದರೆ ನಂದಿಗೆ ಯಾಕಿಲ್ಲ? ಊಹಿಸುವುದು ಕಷ್ಟವಲ್ಲ. ದೇವರನ್ನು ನೋಡುವವನು ಭಕ್ತ. ಭಕ್ತನಿಗೆ ಓಟಿದೆ, ಸಿಟ್ಟಿದೆ, ಶಾಪ ಹಾಕುವ ಬಾಯಿದೆ. ಸೂರ್ಯನನ್ನು ನೋಡುವವನು ಬರೀ ಪ್ರವಾಸಿ. ಅವನಿಗೆ ಕಾರಿದೆ. ಇಲ್ಲದಿದ್ದರೆ ಬಾಡಿಗೆ ಬೈಕಿದೆ. ಅದೂ ಇಲ್ಲದಿದ್ದರೆ ಅವನು ಲೆಕ್ಕದಲ್ಲೇ ಇಲ್ಲ.

ಲೆಕ್ಕದಲ್ಲಿಲ್ಲದವರು ಇನ್ನೂ ಇದ್ದಾರೆ. ಬೆಟ್ಟದ ಮೇಲೆ ದಿನವೂ ದುಡಿಯುವವರು. ಗಿಡಕ್ಕೆ ನೀರು ಹಾಕುವವರು, ನಾವು ಬಿಸಾಡಿದ ಕುರ್‌ಕುರೆ ಕವರು ಹೆಕ್ಕುವವರು, ಸೀಬೆಕಾಯಿಗೆ ಉಪ್ಪುಖಾರ ಸವರಿ ಕೊಡುವವರು, ಸೌತೆಕಾಯಿ ಬುಟ್ಟಿಯವರು. ಕೆಳಗಿನ ಹಳ್ಳಿಗಳಿಂದ ಮೇಲೆ ಬರಬೇಕು, ಕತ್ತಲಾಗುವ ಮೊದಲು ಇಳಿಯಬೇಕು. ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸಿಗೆ ಬೆಟ್ಟ ‘ವೀಕೆಂಡ್ ಡೆಸ್ಟಿನೇಷನ್’ ಅಲ್ಲ, ಕೆಲಸದ ಜಾಗ. ಕೆಲಸದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಬಸ್ಸಿರಬೇಕೆಂದು ಕೇಳಲು ಅವರಿಗೆ ಸಂಘವಿಲ್ಲ, ಟ್ವಿಟರ್ ಇಲ್ಲ.

ಹೆಂಗಸರಿಗೆ ಬಸ್ಸು ಉಚಿತವಲ್ಲವೇ? ಹೌದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಒಳ್ಳೆಯ ಯೋಜನೆ. ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ಬೆಳಗಿನ ಜಾವದ ಬೆಟ್ಟದ ಬಸ್ಸಿನ ಸಂಖ್ಯೆಯೂ ಶೂನ್ಯ. ಸೊನ್ನೆಗೆ ಸೊನ್ನೆ ಸರಿಹೋಯಿತು.

ಸರ್ಕಾರವನ್ನಷ್ಟೇ ಬೈದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ನಾವೇನು ಕಮ್ಮಿಯೇ?

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಕಣ್ಣೀರು ಸುರಿಸದ ಮನೆಯಿಲ್ಲ. ಮಗುವಿಗೆ ಶಾಲೆಯಲ್ಲಿ ‘ಸಾರ್ವಜನಿಕ ಸಾರಿಗೆ ಬಳಸಿ’ ಎಂದು ಚಾರ್ಟ್ ಬರೆಯಲು ಹೇಳಿರುತ್ತಾರೆ. ಅಪ್ಪ ಚಾರ್ಟು ತರಲು ಕಾರು ತೆಗೆಯುತ್ತಾನೆ. ಅದೇ ಅಪ್ಪ ಭಾನುವಾರ ಬೆಳಗಿನ ಮೂರೂವರೆಗೆ ಏಳು ಸೀಟಿನ ಗಾಡಿಯಲ್ಲಿ ಮೂವರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೊರಡುತ್ತಾನೆ. ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಂಡಾಗ ‘ಎಷ್ಟೊಂದು ಗಾಡಿ ಮಾರಾಯ, ಈ ಜನಕ್ಕೆ ಬುದ್ಧಿ ಇಲ್ಲ’ ಎನ್ನುತ್ತಾನೆ. ತನ್ನ ಗಾಡಿ ಆ ಲೆಕ್ಕದಲ್ಲಿ ಬರುವುದಿಲ್ಲ.

ಬಸ್ಸು ಬಿಟ್ಟರೆ ಹತ್ತುತ್ತೀರಾ ಎಂದು ಕೇಳಿ. ‘ಖಂಡಿತ, ಫ್ರೀಕ್ವೆನ್ಸಿ ಚೆನ್ನಾಗಿದ್ದರೆ, ಎಸಿ ಇದ್ದರೆ, ಮನೆ ಹತ್ತಿರ ಬಂದರೆ, ಕ್ರೌಡ್ ಇಲ್ಲದಿದ್ದರೆ.’ ಕ್ರೌಡ್ ಇಲ್ಲದ, ಮನೆ ಬಾಗಿಲಿಗೆ ಬರುವ ಎಸಿ ಬಸ್ಸನ್ನು ಕಾರು ಎನ್ನುತ್ತಾರೆ. ಅದು ಇವರ ಬಳಿ ಈಗಾಗಲೇ ಇದೆ.

ಇನ್ನೊಂದು ಗುಂಪಿದೆ. ಬಸ್ಸು ಬಿಟ್ಟರೆ ‘ಯಾರ‍್ಯಾರೋ’ ಬರುತ್ತಾರೆ, ಬೆಟ್ಟ ಹಾಳಾಗುತ್ತದೆ ಎನ್ನುವವರು. ಬಾಟಲಿ ಒಡೆಯುವವರು, ಬಂಡೆಯ ಮೇಲೆ ಹೃದಯ ಕೆತ್ತುವವರು, ಕಾರಿನ ಬಾಗಿಲು ತೆರೆದಿಟ್ಟು ಹಾಡು ಹಾಕುವವರು ಎಲ್ಲ ಇಷ್ಟು ದಿನ ಬಸ್ಸಿನಲ್ಲೇ ಬಂದಿದ್ದರೇನೋ. ಬಸ್ಸಿನ ಪ್ರಯಾಣಿಕನಿಗೆ ಡಿಕ್ಕಿಯಲ್ಲಿ ಸ್ಪೀಕರ್ ತರುವ ಸೌಕರ್ಯವಿಲ್ಲ ಸ್ವಾಮಿ.

ಹತ್ತಿದ ಮೇಲೆ ಇಳಿಯುವ ಕಥೆ ಬೇರೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಬೆಳಕು ಹೋಗುತ್ತದೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೇಲೆ ಯಾರನ್ನು ಕೇಳಬೇಕು? ಬೋಂಡದಂಗಡಿಯವನನ್ನು. ಬೆಟ್ಟದ ಸಾರಿಗೆ ನಿಯಂತ್ರಣಾಧಿಕಾರಿ ಅವನೇ. ಬಾಣಲೆಯಿಂದ ಕಣ್ಣೆತ್ತದೆ ಹೇಳುತ್ತಾನೆ: “ಈಗ ಹೋಯ್ತಲ್ಲಾ.” ಇನ್ನೊಬ್ಬನನ್ನು ಕೇಳಿದರೆ, “ಇಲ್ಲ, ಇನ್ನೊಂದೈತೆ, ಬಂದ್ರೂ ಬರಬೋದು.” ಬಂದರೆ ನಿಮ್ಮ ಪುಣ್ಯ. ಬರದಿದ್ದರೆ ಕಂಡವರ ಕಾರಿಗೆ ಕೈ ಅಡ್ಡ ಹಾಕಬೇಕು. ಒಂಟಿ ಹೆಂಗಸಾದರೆ ಅದೂ ಸಾಧ್ಯವಿಲ್ಲ. ಮೇಲೆ ಬರುವಾಗ ಇದ್ದದ್ದು ಬರೀ ಅನನುಕೂಲ. ಇಳಿಯುವಾಗ ಅದಕ್ಕೆ ಭಯವೂ ಸೇರುತ್ತದೆ.

ಕೇಳುತ್ತಿರುವುದು ದೊಡ್ಡದಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ಬೆಂ‌ಗಳೂರಿನಿಂದ ಹೊರಡುವ ಒಂದಷ್ಟು ಬಸ್ಸು. ರೈಲಿಗೆ ಕಾದು ನಿಲ್ಲುವ ಒಂದು ಬಸ್ಸು. ಬುಡದಲ್ಲಿ ಪಾರ್ಕಿಂಗ್, ಅಲ್ಲಿಂದ ಮೇಲಕ್ಕೆ ಬಸ್ಸಿಗಷ್ಟೇ ದಾರಿ. ಕೊನೆಯ ಬಸ್ಸಿನ ಗಂಟೆಯನ್ನು ಮೇಲೆ, ಕಣ್ಣಿಗೆ ಕಾಣುವಂತೆ, ಕನ್ನಡದಲ್ಲಿ ಬರೆದ ಒಂದು ಬೋರ್ಡು. ಬೋರ್ಡಿಗಾದರೂ ಸಹಭಾಗಿತ್ವ ಬೇಡವೆಂದು ನಂಬಿದ್ದೇನೆ.

ಇದೆಲ್ಲ ಅರ್ಜಿ ಕೊಟ್ಟರೆ ಆಗುವುದಿಲ್ಲ. ಸಮಿತಿ ಮಾಡುತ್ತಾರೆ. ಸಮಿತಿ ಸ್ಥಳ ಪರಿಶೀಲನೆಗೆ ಬರುತ್ತದೆ, ಹನ್ನೊಂದು ಗಂಟೆಗೆ, ಇನ್ನೋವಾದಲ್ಲಿ.

ಅದಕ್ಕೇ ಒಂದು ಸಲಹೆ. ಮುಂದಿನ ಸಂಪುಟ ಸಭೆಯನ್ನೂ ನಂದಿ ಬೆಟ್ಟದ ಮೇಲೆಯೇ ಇಡಿ. ಡಿಸೆಂಬರ್ ಕೊನೆಯ ವಾರ, ಬೆಳಗಿನ 6.40ಕ್ಕೆ ಸರಿಯಾಗಿ. ಷರತ್ತು ಒಂದೇ. ಸರ್ಕಾರಿ ಕಾರು ಬೇಡ, ಬೆಂಗಾವಲು ಬೇಡ, ವಿಶೇಷ ಬಸ್ಸೂ ಬೇಡ. ವೇಳಾಪಟ್ಟಿಯಲ್ಲಿರುವ ಸಾಮಾನ್ಯ ಬಸ್ಸು, ಮೆಜೆಸ್ಟಿಕ್‌ನಿಂದ, ಟಿಕೆಟ್ ತೆಗೆದುಕೊಂಡು. ಅಂದು ಸಭೆಗೆ ಕೋರಂ ಸಿಗುವುದಿಲ್ಲ. ಮರುವಾರದಿಂದ ಜನರಿಗೆ ಬಸ್ಸು ಸಿಗುತ್ತದೆ.